ಒಂದೇ ಮರುಭೂಮಿಯ ಎರಡು ಲಾವುಗೆಗಳು

ನಮ್ಮ ಹೊಲಗಳ ಬದುವಿನಲ್ಲಿ ನಡೆಯುವಾಗ ಕಾಲ ಬಳಿಯಿಂದಲೇ ಭರ್ರನೆ ಹಾರುವ ಲಾವುಗೆಯನ್ನು ವಿದ್ಯಾರ್ಥಿಗಳು ಬಲ್ಲರು. ಅದನ್ನು ಬಹುಮಟ್ಟಿಗೆ ಹೋಲುವ, ಆದರೆ ಬೇರೊಂದು ಕುಟುಂಬಕ್ಕೆ ಸೇರಿದ ಹಕ್ಕಿಗಳು ಅಮೆರಿಕ ಖಂಡದಲ್ಲಿವೆ. ಅಮೆರಿಕ ಸಂಯುಕ್ತ ಸಂಸ್ಥಾನದ ಅರಿಜೋನಾ ಮತ್ತು ಅದರ ಗಡಿಗೆ ಹೊಂದಿರುವ ಮೆಕ್ಸಿಕೋದ ಸೊನೋರಾ ರಾಜ್ಯಗಳ ಒಣಭೂಮಿಯಲ್ಲಿ ಅಂತಹ ಎರಡು ಹಕ್ಕಿಗಳುಂಟು. ಅವುಗಳಲ್ಲಿ ಒಂದು ಸುಕ್ಷೇಮವಾಗಿದೆ. ಮತ್ತೊಂದು ಅಳಿವಿನ ಅಂಚನ್ನು ಮುಟ್ಟಿದೆ. ಈ ಭೇದಕ್ಕೆ ಕಾರಣವೇನೆಂಬುದು ವಿಚಾರಾರ್ಹವಾದ ವಿಷಯ.

ಮೊದಲನೆಯದು ಗ್ಯಾಂಬೆಲ್ ಲಾವುಗೆ. 19ನೆಯ ಶತಮಾನದ ಪ್ರಕೃತಿಶಾಸ್ತ್ರಜ್ಞ ವಿಲಿಯಂ ಗ್ಯಾಂಬೆಲ್ ಅವರ ಹೆಸರನ್ನು ಇದಕ್ಕೆ ಇಡಲಾಗಿದೆ. ನೆತ್ತಿಯಿಂದ ಮುಂದಕ್ಕೆ ಬಾಗಿದ ಕರಿಯ ಜುಟ್ಟು ಇದರ ಗುರುತು. ಮುಳ್ಳುಪೊದೆಗಳೇ ಇದಕ್ಕೆ ಆಶ್ರಯ. ಬೀಜ ಮತ್ತು ಎಳೆಯ ಎಲೆಗಳೇ ಆಹಾರ. ಚಳಿಗಾಲದಲ್ಲಿ ಮಳೆ ಬಿದ್ದು ನೆಲ ಹಸುರಾದರೆ ವಸಂತದಲ್ಲಿ ಮರಿಗಳು ಹೇರಳ. ಮಳೆ ತಪ್ಪಿದ ವರ್ಷ ಅನೇಕ ಜೋಡಿಗಳು ಗೂಡನ್ನೇ ಕಟ್ಟುವುದಿಲ್ಲ. ಆದರೆ ಒಂದು ಸಲಕ್ಕೆ ಸುಮಾರು 10–12 ಮೊಟ್ಟೆಗಳನ್ನಿಡುವುದರಿಂದ ಒಳ್ಳೆಯ ಮಳೆಯಾದೊಡನೆ ಸಂತತಿ ಚೇತರಿಸಿಕೊಳ್ಳುತ್ತದೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಇದನ್ನು ಆತಂಕ ಅತಿ ಕಡಿಮೆಯಿರುವ ಜೀವಿಗಳ ವರ್ಗದಲ್ಲಿರಿಸಿದೆ.

ಎರಡನೆಯದು ಬಾಬ್‌ವೈಟ್ ಎಂಬ ಜಾತಿಯ ಒಂದು ಉಪಜಾತಿ. ಗಂಡಿನ ಮುಖವು ಮುಸುಕು ಹಾಕಿದಂತೆ ಕಪ್ಪಾಗಿಯೂ ಎದೆಯು ಇಟ್ಟಿಗೆಯಂತೆ ಕೆಂಪಾಗಿಯೂ ಇರುವುದರಿಂದ ಇದನ್ನು ಮುಸುಕಿನ ಬಾಬ್‌ವೈಟ್ ಎನ್ನುವರು. ಇದಕ್ಕೆ ಬೇಕಾದುದು ಪೊದೆಯಷ್ಟೇ ಅಲ್ಲ, ಬೇಸಿಗೆಯ ಮಳೆಗೆ ಎತ್ತರವಾಗಿ ಬೆಳೆಯುವ ಹುಲ್ಲು. 19ನೆಯ ಶತಮಾನದ ಅಂತ್ಯದಲ್ಲಿ ಆ ಹುಲ್ಲುಗಾವಲಿನ ಮೇಲೆ ಮಿತಿಮೀರಿ ದನಗಳನ್ನು ಮೇಯಬಿಡಲಾಯಿತು. 1890ರ ದಶಕದ ಆರಂಭದ ಭೀಕರ ಬರಗಾಲವು ಉಳಿದ ಹುಲ್ಲನ್ನೂ ಸುಟ್ಟಿತು. 1900ರ ಸುಮಾರಿಗೆ ಅರಿಜೋನಾದಲ್ಲಿ ಈ ಹಕ್ಕಿ ಇಲ್ಲವಾಯಿತು. ಅದೇ ನೆಲದಲ್ಲಿ ಪೊದೆಯನ್ನು ನಂಬಿದ ಗ್ಯಾಂಬೆಲ್ ಲಾವುಗೆ ಮಾತ್ರ ಉಳಿಯಿತು.

ಅಮೆರಿಕ ಸರ್ಕಾರವು 1967ರಲ್ಲಿ ಮುಸುಕಿನ ಬಾಬ್‌ವೈಟನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. 1985ರಲ್ಲಿ ದಕ್ಷಿಣ ಅರಿಜೋನಾದಲ್ಲಿ ಬ್ವೇನಸ್ ಐರಿಸ್ ಎಂಬ ರಾಷ್ಟ್ರೀಯ ವನ್ಯಜೀವಿಧಾಮವನ್ನು ಮುಖ್ಯವಾಗಿ ಇದಕ್ಕಾಗಿಯೇ ಸ್ಥಾಪಿಸಿ, ದನಗಳ ಮೇವನ್ನು ನಿಲ್ಲಿಸಲಾಯಿತು. ಮಾನವನ ಆರೈಕೆಯಲ್ಲಿ ಹುಟ್ಟಿದ ಮರಿಗಳಿಗೆ ಶತ್ರುವನ್ನು ಕಂಡು ಅಡಗುವುದನ್ನು, ಮೇವು ಹುಡುಕುವುದನ್ನು ಕಲಿಸುವವರಿಲ್ಲ. ಆದುದರಿಂದ ಟೆಕ್ಸಾಸಿನ ಬಾಬ್‌ವೈಟ್ ಗಂಡುಗಳನ್ನು ಸಾಕುತಂದೆಗಳನ್ನಾಗಿ ಮಾಡಿ, ಅವುಗಳೊಡನೆ ಮರಿಗಳನ್ನು ಬಯಲಿಗೆ ಬಿಡುವ ಕ್ರಮವನ್ನು ಅನುಸರಿಸಲಾಗಿದೆ. ಇಷ್ಟಾದರೂ ಆ ಸಂತತಿಯು ಮಾನವನ ಸಹಾಯವಿಲ್ಲದೆ ತನ್ನ ಕಾಲ ಮೇಲೆ ನಿಲ್ಲುವಂತಾಗಿಲ್ಲ.

ಇದರಿಂದ ನಾವು ತಿಳಿಯಬೇಕಾದುದಿಷ್ಟು: ಹಕ್ಕಿಯನ್ನು ಯಾರೂ ಬೇಟೆಯಾಡದಿದ್ದರೂ ಅದರ ನೆಲೆಯನ್ನು ಕಳೆದರೆ ಹಕ್ಕಿ ಉಳಿಯದು. ಕೆಲವೇ ವರ್ಷಗಳಲ್ಲಿ ಮೇಯ್ದು ಮುಗಿಸಿದ ಹುಲ್ಲನ್ನು ಮರಳಿ ತರಲು ಒಂದು ಶತಮಾನವೂ ಸಾಲದಾಗಿದೆ. ನಮ್ಮ ಊರ ಗೋಮಾಳವನ್ನೂ ಹೊಲದ ಬದುವನ್ನೂ ಬರಿಯ ಬೀಳೆಂದು ಎಣಿಸುವ ಮೊದಲು ಅಲ್ಲಿ ಯಾವ ಜೀವ ಗೂಡು ಕಟ್ಟಿದೆಯೆಂದು ನೋಡುವುದು ವಿದ್ಯಾವಂತರ ಕರ್ತವ್ಯ.