ತಂತ್ರಾಂಶದ ಚೌಕಟ್ಟು: ಆಯ್ಕೆಯ ಹಿಂದಿನ ವಿವೇಚನೆ

ತಂತ್ರಾಂಶ ರಚನೆಯು ಇಂದು ನಮ್ಮ ಶಾಲೆಗಳಲ್ಲಿ ಓದಿ ಹೊರಬಂದ ಅನೇಕರ ಜೀವನೋಪಾಯವಾಗಿದೆ. ಈ ವೃತ್ತಿಯನ್ನು ಕೈಕೊಂಡವರು ಮತ್ತೆ ಮತ್ತೆ ಎದುರಿಸಬೇಕಾದ ಪ್ರಶ್ನೆಯೊಂದಿದೆ: ಹೊಸದಾಗಿ ಕಟ್ಟಬೇಕಾದ ತಂತ್ರಾಂಶಕ್ಕೆ ಯಾವ ಫ್ರೇಮ್‌ವರ್ಕನ್ನು ಆಧಾರವಾಗಿ ಇಟ್ಟುಕೊಳ್ಳಬೇಕು? ಮೇಲುನೋಟಕ್ಕೆ ಇದು ಯಂತ್ರವಿದ್ಯೆಗೆ ಮಾತ್ರ ಸೇರಿದ ಪ್ರಶ್ನೆಯಂತೆ ತೋರುತ್ತದೆ. ಒಳಹೊಕ್ಕು ನೋಡಿದರೆ, ಮನುಷ್ಯನು ಹೊಸದೊಂದನ್ನು ಯಾವ ಆಧಾರದ ಮೇಲೆ ನಂಬಿ ಸ್ವೀಕರಿಸುತ್ತಾನೆ ಎಂಬ ಹಳೆಯ ಪ್ರಶ್ನೆಯೇ ಇಲ್ಲಿ ಹೊಸ ವೇಷದಲ್ಲಿ ನಿಂತಿರುವುದು ಕಂಡುಬರುತ್ತದೆ. ಆದುದರಿಂದ ಗಣಕವಿದ್ಯೆಯನ್ನು ಅರಿಯದ ವಾಚಕರಿಗೂ ತಿಳಿಯುವಂತೆ ಈ ವಿಷಯವನ್ನು ವಿವೇಚಿಸಲು ಇಲ್ಲಿ ಪ್ರಯತ್ನಿಸಲಾಗಿದೆ.

ಫ್ರೇಮ್‌ವರ್ಕ್ ಎಂದರೇನು?

ಮನೆ ಕಟ್ಟುವವನೊಬ್ಬನು ಕಂಬ, ತೊಲೆ, ಮಾಡುಗಳನ್ನು ಸಿದ್ಧವಾಗಿ ತಂದು ನಿಲ್ಲಿಸಿಕೊಂಡು, ಗೋಡೆ ಬಾಗಿಲುಗಳನ್ನಷ್ಟೇ ತನ್ನ ಅನುಕೂಲದಂತೆ ರಚಿಸಿಕೊಳ್ಳುವನೆಂದು ಭಾವಿಸೋಣ. ಫ್ರೇಮ್‌ವರ್ಕ್ ಎಂಬುದು ಅಂಥ ಒಂದು ಸಿದ್ಧ ಚೌಕಟ್ಟು. ಬಳಸುವವನ ಗುರುತನ್ನು ಪರೀಕ್ಷಿಸುವುದು, ಮಾಹಿತಿಯನ್ನು ದತ್ತಕೋಶದಲ್ಲಿರಿಸಿ ಮರಳಿ ತೆಗೆಯುವುದು, ಪುಟವನ್ನು ಪರದೆಯ ಮೇಲೆ ಮೂಡಿಸುವುದು ಮೊದಲಾದ ಸರ್ವಸಾಮಾನ್ಯ ಕೆಲಸಗಳನ್ನು ಅದು ಮೊದಲೇ ಮಾಡಿಟ್ಟಿರುತ್ತದೆ. ಇದಕ್ಕೂ ಲೈಬ್ರರಿ ಎಂದು ಕರೆಯಲಾಗುವ ಸಾಧನಸಂಗ್ರಹಕ್ಕೂ ಒಂದು ಮುಖ್ಯ ಭೇದವುಂಟು. ಲೈಬ್ರರಿಯನ್ನು ನಮ್ಮ ಪ್ರೋಗ್ರಾಂ ಬೇಕಾದಾಗ ಕರೆದುಕೊಳ್ಳುತ್ತದೆ. ಫ್ರೇಮ್‌ವರ್ಕಾದರೋ ನಮ್ಮ ಪ್ರೋಗ್ರಾಮನ್ನು ತನಗೆ ಬೇಕಾದ ವೇಳೆಯಲ್ಲಿ ತಾನೇ ಕರೆಯುತ್ತದೆ. ಸುತ್ತಿಗೆಯು ಹಿಡಿಸದಿದ್ದರೆ ಬೇರೊಂದನ್ನು ತರಬಹುದು. ತೊಲೆಯನ್ನು ಬದಲಿಸಬೇಕಾದರೆ ಮನೆಯನ್ನೇ ಬಿಚ್ಚಬೇಕಾದೀತು. ಆಯ್ಕೆಯ ಭಾರವಿರುವುದು ಇಲ್ಲಿಯೇ.

ಬೀಜದ ನಿದರ್ಶನ

ಹೊಸದರ ಸ್ವೀಕಾರವನ್ನು ಕುರಿತ ಶಾಸ್ತ್ರೀಯ ಅಧ್ಯಯನವು ಬೆಳೆದು ಬಂದದ್ದು ಬಹುಮಟ್ಟಿಗೆ ಹೊಲಗದ್ದೆಗಳಿಂದ. ಅಮೆರಿಕದ ಅಯೋವಾ ರಾಜ್ಯದ ರೈತರು ಹೈಬ್ರಿಡ್ ಮೆಕ್ಕೆಜೋಳದ ಬೀಜವನ್ನು ಹೇಗೆ ಸ್ವೀಕರಿಸಿದರೆಂಬುದನ್ನು ಕುರಿತು ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು 1943ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಬೀಜದ ಸುದ್ದಿಯು ರೈತರಿಗೆ ಮೊದಲು ಮುಟ್ಟಿದ್ದು ಹೆಚ್ಚಾಗಿ ಮಾರಾಟಗಾರರಿಂದ. ಆದರೆ ಬಿತ್ತುವ ನಿರ್ಧಾರಕ್ಕೆ ಬಲ ಕೊಟ್ಟದ್ದು ನೆರೆಹೊರೆಯವರ ಮಾತು. ಹಾಗಿದ್ದೂ ಅನೇಕರು ಮೊದಲ ವರ್ಷ ಹೊಲದ ಸ್ವಲ್ಪ ಭಾಗದಲ್ಲಿ ಮಾತ್ರ ಬಿತ್ತಿ, ಫಲವನ್ನು ಕಣ್ಣಾರೆ ಕಂಡ ಮೇಲೆ ಮುಂದುವರಿದರು.

ಇಂಥ ಹಲವು ಅಧ್ಯಯನಗಳನ್ನು ಕ್ರೋಡೀಕರಿಸಿ 1962ರಲ್ಲಿ ಗ್ರಂಥವೊಂದನ್ನು ಹೊರತಂದ ಎವೆರೆಟ್ ರೋಜರ್ಸ್ ಅವರು, ಹೊಸದೊಂದು ಬೇಗ ಹರಡಬೇಕಾದರೆ ಅದರಲ್ಲಿ ಐದು ಲಕ್ಷಣಗಳಿರಬೇಕೆಂದು ವಿವರಿಸಿದರು. ಹಳೆಯದಕ್ಕಿಂತ ಲಾಭ ಹೆಚ್ಚಿರಬೇಕು, ಇದ್ದ ರೂಢಿಗೆ ಹೊಂದಬೇಕು, ತಿಳಿಯಲು ಸುಲಭವಾಗಿರಬೇಕು, ಸಣ್ಣ ಪ್ರಮಾಣದಲ್ಲಿ ಪ್ರಯೋಗಿಸಿ ನೋಡಲು ಬರಬೇಕು, ಅದರ ಫಲ ಇತರರ ಕಣ್ಣಿಗೆ ಕಾಣಬೇಕು.

ಜಾಂಗೋ ಹರಡಿದ ಬಗೆ

ಈ ಐದು ಲಕ್ಷಣಗಳನ್ನು ಜಾಂಗೋ ಎಂಬ ಫ್ರೇಮ್‌ವರ್ಕಿಗೆ ಅನ್ವಯಿಸಿ ನೋಡಬಹುದು. ಇದು ಹುಟ್ಟಿದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ನಗರದಲ್ಲಿ, ‘ಲಾರೆನ್ಸ್ ಜರ್ನಲ್-ವರ್ಲ್ಡ್’ ಎಂಬ ದಿನಪತ್ರಿಕೆಯ ಅಂತರ್ಜಾಲ ವಿಭಾಗದಲ್ಲಿ. ಅಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲ್ಲಿಸನ್ 2003ರಲ್ಲಿ ಪೈಥಾನ್ ಭಾಷೆಯನ್ನು ಬಳಸಿ ಇದನ್ನು ಕಟ್ಟತೊಡಗಿದರು. ಪತ್ರಿಕೆಯ ಕೆಲಸವೆಂದರೆ ಗಡುವಿನ ಕೆಲಸ. ಸುದ್ದಿ ಹಳಸುವ ಮುನ್ನ ಪುಟ ಸಿದ್ಧವಾಗಬೇಕು. ಆ ಒತ್ತಡದಲ್ಲಿ ರೂಪುಗೊಂಡ ಸಾಧನವು 2005ರ ಜುಲೈನಲ್ಲಿ ಮುಕ್ತ ಪರವಾನಗಿಯೊಡನೆ ಲೋಕಕ್ಕೆ ದೊರೆಯಿತು.

ಮಾಹಿತಿಯ ಸ್ವರೂಪವನ್ನು ಒಮ್ಮೆ ವಿವರಿಸಿಕೊಟ್ಟರೆ, ಅದನ್ನು ಸೇರಿಸಲು ತಿದ್ದಲು ಬೇಕಾದ ಆಡಳಿತ ಪುಟಗಳನ್ನು ಜಾಂಗೋ ಬಹುಪಾಲು ತಾನೇ ಸಿದ್ಧಪಡಿಸುತ್ತದೆ. ಇದು ಲಾಭ. ಪೈಥಾನ್ ಬಲ್ಲವನು ಬೇರೆ ಭಾಷೆಯನ್ನು ಕಲಿಯಬೇಕಾಗಿಲ್ಲ. ಇದು ಹೊಂದಾಣಿಕೆ. ಒಂದು ಸಣ್ಣ ಮತದಾನದ ತಂತ್ರಾಂಶವನ್ನು ಹಂತಹಂತವಾಗಿ ಕಟ್ಟಿಸುವ ಪಾಠಮಾಲೆಯೇ ಅದರೊಡನೆ ಬರುವುದರಿಂದ ಸುಲಭತೆಯೂ ಪ್ರಯೋಗಸಾಧ್ಯತೆಯೂ ಒಟ್ಟಿಗೆ ದೊರೆಯುತ್ತವೆ. ಇನ್ನು ಕಣ್ಣಿಗೆ ಕಾಣುವ ಫಲ: 2010ರಲ್ಲಿ ಆರಂಭವಾದ ಇನ್‌ಸ್ಟಾಗ್ರಾಂ ಜಾಂಗೋವಿನ ಮೇಲೆಯೇ ಕಟ್ಟಲ್ಪಟ್ಟಿತು, 2012ರಲ್ಲಿ ಫೇಸ್‌ಬುಕ್ ಅದನ್ನು ಕೊಳ್ಳುವುದಾಗಿ ಪ್ರಕಟಿಸಿದಾಗ ಅದರ ನೌಕರರ ಸಂಖ್ಯೆ ಕೇವಲ 13. ಅಷ್ಟು ಕಡಮೆ ಜನರು ಕೋಟ್ಯಂತರ ಬಳಕೆದಾರರ ಭಾರವನ್ನು ಹೊತ್ತುದನ್ನು ಕಂಡವರಿಗೆ ಬೇರೆ ಜಾಹೀರಾತಿನ ಅಗತ್ಯವಿರಲಿಲ್ಲ.

ಪಟ್ಟಿಯಲ್ಲಿಲ್ಲದ ಲಕ್ಷಣ

ಇಷ್ಟರಿಂದಲೇ ಆಯ್ಕೆ ಸರಿಯಾಯಿತೆಂದು ಹೇಳಲಾಗದು. ಹೈಬ್ರಿಡ್ ಬೀಜಕ್ಕೆ ಒಂದು ಗುಣವಿದೆ. ಬೆಳೆದ ಪೈರಿನ ಕಾಳನ್ನೇ ಎತ್ತಿಟ್ಟು ಮರುವರ್ಷ ಬಿತ್ತಿದರೆ ಮೊದಲಿನ ಇಳುವರಿ ಬಾರದು. ವರ್ಷ ವರ್ಷವೂ ಬೀಜವನ್ನು ಕೊಳ್ಳಲೇಬೇಕು. ತನ್ನ ಬೀಜವನ್ನು ತಾನೇ ಕಾದಿಟ್ಟುಕೊಳ್ಳುತ್ತಿದ್ದ ರೈತನು ಇಳುವರಿಯೊಡನೆ ಪರಾಧೀನತೆಯನ್ನೂ ಮನೆಗೆ ತಂದನು. ಫ್ರೇಮ್‌ವರ್ಕಿನ ವಿಷಯವೂ ಹೀಗೆಯೇ. ಅದನ್ನು ಇಂದು ಒಪ್ಪಿಕೊಂಡವನು ನಾಳೆಯ ತಿದ್ದುಪಡಿಗಳಿಗೆ, ಭದ್ರತೆಯ ಪರಿಹಾರಗಳಿಗೆ ಅದರ ಕರ್ತೃಗಳನ್ನೇ ನೆಚ್ಚಿರಬೇಕು.

ಆಂಗ್ಯುಲರ್‌ಜೆಎಸ್ ಇದಕ್ಕೆ ಒಳ್ಳೆಯ ನಿದರ್ಶನ. ಗೂಗಲ್ ಸಂಸ್ಥೆಯ ಆಶ್ರಯದಲ್ಲಿ ಬೆಳೆದ ಈ ಫ್ರೇಮ್‌ವರ್ಕಿನ 1.0 ಆವೃತ್ತಿಯು 2012ರಲ್ಲಿ ಹೊರಬಂದು ಬಹುಬೇಗ ಹರಡಿತು. ಮುಂದಿನ ಆವೃತ್ತಿಯು ಹಳೆಯದಕ್ಕೆ ಹೊಂದುವಂತಿಲ್ಲವೆಂಬುದು 2014ರಲ್ಲಿ ತಿಳಿದುಬಂದಾಗ ಅದನ್ನು ನೆಚ್ಚಿದವರಲ್ಲಿ ಕಳವಳ ಹುಟ್ಟಿತು. ಹೊಸ ಆವೃತ್ತಿ 2016ರಲ್ಲಿ ಬಂದಿತು. ಹಳೆಯದರ ಪೋಷಣೆ 2021ರ ಕೊನೆಗೆ ನಿಂತಿತು. ಹಂತಹಂತವಾಗಿ ದಾಟಿಕೊಳ್ಳುವ ಉಪಾಯಗಳನ್ನು ಕರ್ತೃಗಳು ಒದಗಿಸಿದರೂ, ದಾಟುವ ಶ್ರಮವೂ ಖರ್ಚೂ ಬಳಸಿದವರ ಪಾಲಿಗೇ ಬಂದವು. ಐದು ಲಕ್ಷಣಗಳೂ ಇದರಲ್ಲಿದ್ದವು. ಕೊರತೆಯಾದದ್ದು ಮುಂದುವರಿಕೆಯ ಭರವಸೆ.

ಪರವಾನಗಿಯ ವಿಚಾರವೂ ಇಂಥದ್ದೇ. 2013ರಲ್ಲಿ ಫೇಸ್‌ಬುಕ್ ಮುಕ್ತವಾಗಿ ನೀಡಿದ ರಿಯಾಕ್ಟ್ ಗುಣದಲ್ಲಿ ಯಾವುದಕ್ಕೂ ಕಡಮೆಯಿರಲಿಲ್ಲ. ಆದರೆ ಅದರ ಪರವಾನಗಿಯೊಡನೆ ಸೇರಿದ್ದ ಪೇಟೆಂಟಿನ ಷರತ್ತಿನಿಂದಾಗಿ 2017ರಲ್ಲಿ ಅಪಾಚೆ ಪ್ರತಿಷ್ಠಾನವು ತನ್ನ ಯೋಜನೆಗಳಲ್ಲಿ ಅಂಥ ಪರವಾನಗಿ ಸಲ್ಲದೆಂದಿತು. ವರ್ಡ್‌ಪ್ರೆಸ್‌ನವರೂ ರಿಯಾಕ್ಟನ್ನು ಬಿಡುವುದಾಗಿ ಹೇಳಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ಆ ಷರತ್ತನ್ನು ಕೈಬಿಟ್ಟು, ಸರಳವಾದ ಎಂಐಟಿ ಪರವಾನಗಿಯನ್ನು ಸ್ವೀಕರಿಸಿತು. ಒಳಗಿನ ಸಂಕೇತಗಳು ಎಷ್ಟೇ ಉತ್ತಮವಾಗಿದ್ದರೂ, ಕೊಡುವವನ ಕರಾರನ್ನು ಓದದೆ ಪಡೆಯಬಾರದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಜಾಂಗೋವಿನ ಕಡೆ ಮತ್ತೆ ನೋಡಿದರೆ, 2008ರಲ್ಲಿ ಅದರ ಪಾಲನೆಗೆಂದೇ ಸ್ವತಂತ್ರ ಪ್ರತಿಷ್ಠಾನವೊಂದು ಸ್ಥಾಪಿತವಾಯಿತು. ಆಯ್ದ ಆವೃತ್ತಿಗಳಿಗೆ 3 ವರ್ಷಗಳ ಕಾಲ ಭದ್ರತೆಯ ಪೋಷಣೆ ದೊರೆಯುತ್ತದೆ. ಯಾವುದಾದರೂ ಸೌಲಭ್ಯವನ್ನು ತೆಗೆದುಹಾಕುವ ಮುನ್ನ ಎಚ್ಚರಿಕೆ ಕೊಡುವ ನಿಯಮವೂ ಇದೆ. ಹುಟ್ಟಿ 2 ದಶಕಗಳು ಕಳೆದರೂ ಅದರಲ್ಲಿ ಜನರ ವಿಶ್ವಾಸ ಉಳಿದಿರುವುದಕ್ಕೆ ಈ ಶಿಸ್ತು ಬಹುಮಟ್ಟಿಗೆ ಕಾರಣ.

ನಮ್ಮ ಕರ್ತವ್ಯ

ಕಟ್ಟಿದವನು ಕೆಲಸ ಬದಲಿಸಿ ಹೋಗಬಹುದು. ಆಸ್ಪತ್ರೆಯ ರೋಗಿಗಳ ವಿವರ, ಸಹಕಾರಿ ಸಂಘದ ಲೆಕ್ಕ, ಶಾಲೆಯ ದಾಖಲೆಗಳು ಅವನು ಆರಿಸಿದ ಚೌಕಟ್ಟಿನಲ್ಲಿಯೇ ಉಳಿಯುತ್ತವೆ. ಅದನ್ನು ಮುಂದೆ ನಡೆಸಿಕೊಂಡು ಹೋಗಬೇಕಾದವನು ಬೇರೊಬ್ಬನು. ಆಯ್ಕೆಯ ಸಮಯದಲ್ಲಿ ಅವನ ಮಾತನ್ನು ಕೇಳಿದವರಿಲ್ಲ. ಆದುದರಿಂದ ಫ್ರೇಮ್‌ವರ್ಕನ್ನು ಆರಿಸುವಾಗ ಅದರ ವೇಗ ಸೊಬಗುಗಳೊಡನೆ ನಾಲ್ಕು ಪ್ರಶ್ನೆಗಳನ್ನು ಅವಶ್ಯವಾಗಿ ಕೇಳಬೇಕು. ಇದನ್ನು ಪೋಷಿಸುವವರು ಯಾರು? ಇದರ ಕರಾರೇನು? ಬಲ್ಲವರು ಸುತ್ತಮುತ್ತ ಸಿಗುವರೇ? ಬಿಡಬೇಕಾಗಿ ಬಂದರೆ ಮಾಹಿತಿಯನ್ನು ಹೊರತೆಗೆಯುವ ದಾರಿ ಯಾವುದು? ದಾನಿಗಳ ನೆರವಿನಿಂದ ತಂತ್ರಾಂಶ ಮಾಡಿಸಿಕೊಳ್ಳುವ ಸಂಸ್ಥೆಗಳೂ ಹಣ ಕೊಡುವ ಮುನ್ನ ಈ ಪ್ರಶ್ನೆಗಳನ್ನು ಕೇಳುವುದು ಯುಕ್ತ. ಕಟ್ಟಿಸುವ ವೆಚ್ಚದಂತೆ ಕಾಪಾಡುವ ವೆಚ್ಚಕ್ಕೂ ಅವರು ಅವಕಾಶ ಕಲ್ಪಿಸಬೇಕಾಗುತ್ತದೆ.

ಅಧ್ಯಾಪಕರ ಹೊಣೆ ಇನ್ನೂ ಹಿರಿದು. ಇಂದು ಬೇಡಿಕೆಯಲ್ಲಿರುವ ಫ್ರೇಮ್‌ವರ್ಕೊಂದನ್ನೇ ಕಲಿಸಿ ಕಳುಹಿಸಿದರೆ, ಅದು ಹಿಂದೆ ಬಿದ್ದ ದಿನ ವಿದ್ಯಾರ್ಥಿಯೂ ಹಿಂದೆ ಬೀಳುತ್ತಾನೆ. 1970ರ ದಶಕದಲ್ಲಿ ರೂಪುಗೊಂಡ ಎಸ್‌ಕ್ಯೂಎಲ್ ಎಂಬ ದತ್ತಕೋಶದ ಭಾಷೆ ಇಂದಿಗೂ ಬಳಕೆಯಲ್ಲಿದೆ. ಅದರ ಮೇಲೆ ಎದ್ದು ಮರೆಯಾದ ಚೌಕಟ್ಟುಗಳು ಹಲವಾರು. ದತ್ತಕೋಶ, ಜಾಲದ ನಿಯಮಗಳು, ಒಂದು ಭಾಷೆಯ ಗಟ್ಟಿ ಅಭ್ಯಾಸ, ಇವುಗಳನ್ನು ಮೊದಲು ಕಲಿಸಿ, ಆಮೇಲೆ ಫ್ರೇಮ್‌ವರ್ಕನ್ನು ಕೈಗೆ ಕೊಡುವುದು ಲೇಸು. ಹಾಗೆ ಕಲಿತವನು ಚೌಕಟ್ಟಿನ ಗುಣದೋಷಗಳನ್ನು ತಾನೇ ತೂಗಿ ನೋಡಬಲ್ಲನು. ಅದನ್ನು ಬಿಡಬೇಕಾದ ದಿನವೂ ಧೈರ್ಯಗೆಡದೆ ಮತ್ತೊಂದನ್ನು ಕಲಿತುಕೊಳ್ಳಬಲ್ಲನು.