ಇಂದಿನ ಧಮ್ಮ ಚಿಂತನೆ: ಗಟ್ಟಿಗಿತ್ತಿ





ನಮ್ಮ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ನಮ್ಮ ಓಣಿಯ ಹೆಣ್ಣುಮಗಳನ್ನು ಹೊಗಳಲು ಒಂದು ಮಾತಿದೆ: "ಆಕಿ ಗಟ್ಟಿಗಿತ್ತಿ ಬಿಡ್ರಿ." ಭತ್ತದ ನಾಟಿ, ಗೋವಿನಜೋಳದ ಕಸ ತೆಗೆಯುವುದು ಮುಗಿಸಿ ಬಂದು ಒಲೆ ಹಚ್ಚುವವಳು ಆಕೆ. ಹಾಸಿಗೆ ಹಿಡಿದ ಅತ್ತೆಯನ್ನು ನೋಡುವವಳು, ಸಂಘದ ಸಾಲದ ಕಂತು ಕಟ್ಟುವವಳೂ ಆಕೆಯೇ. ಹೊಗಳಿಕೆ ಸುಳ್ಳಲ್ಲ. ಆದರೆ ಹೊಗಳಿದ ಮೇಲೆ ಆಕೆಯ ತಲೆಯಿಂದ ಒಂದು ಕೊಡವನ್ನೂ ನಾವು ಇಳಿಸಿಕೊಳ್ಳುವುದಿಲ್ಲ. ಗಟ್ಟಿಗಿತ್ತಿಗೆ ನೋವಾಗುವುದಿಲ್ಲವೆಂದು ಊರೂ ನಂಬಿದೆ, ಮನೆಯೂ ನಂಬಿದೆ.

ಇದು ಜಾತಿಯ ಹಳೆಯ ಲೆಕ್ಕ: ದಲಿತ ಹೆಣ್ಣಿನ ಮೈ ಇರುವುದೇ ದುಡಿಯಲಿಕ್ಕೆ. ಅಮೆರಿಕದ ಕಪ್ಪು ಹೆಂಗಸರ ಮೇಲೂ ಇದೇ ಲೆಕ್ಕ ನಡೆಯಿತು. 1840ರ ದಶಕದಲ್ಲಿ ಅಲಬಾಮಾದ ಸಿಮ್ಸ್ ಎಂಬ ವೈದ್ಯ, ಅನಾರ್ಕಾ ಮತ್ತು ಇತರ ಗುಲಾಮ ಹೆಂಗಸರಿಗೆ ಅರಿವಳಿಕೆ ಕೊಡದೆ ಮತ್ತೆ ಮತ್ತೆ ಶಸ್ತ್ರಕ್ರಿಯೆ ಮಾಡಿದ.

ನಾವೇನು ಕಡಿಮೆ? ಮಾತೆ ರಮಾಬಾಯಿಯವರ ಫೋಟೋಕ್ಕೆ ಹಾರ ಹಾಕಿ "ತ್ಯಾಗಮೂರ್ತಿ" ಎನ್ನುತ್ತೇವೆ. ನಾಲ್ಕು ಮಕ್ಕಳನ್ನು ಕಳೆದುಕೊಂಡ ತಾಯಿ. ಬಹುಕಾಲ ಕಾಯಿಲೆಯಲ್ಲಿದ್ದು 1935ರ ಮೇ 27ರಂದು ತೀರಿಕೊಂಡಾಗ ಅವರಿಗೆ ನಲವತ್ತೂ ತುಂಬಿರಲಿಲ್ಲ. ನಮ್ಮ ಭಾಷಣಗಳಲ್ಲಿ ತ್ಯಾಗ ಬರುತ್ತದೆ, ಆ ದಣಿವು ಬರುವುದಿಲ್ಲ. ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆ ಮಸೂದೆಯ ಪರ ನಿಂತರು. ಹೆರಿಗೆಗೆ ಮುಂಚೆಯೂ ನಂತರವೂ ದುಡಿಯುವ ತಾಯಿಗೆ ವಿಶ್ರಾಂತಿ ಸಿಗಬೇಕೆಂದರು. ಅವರು ಕೇಳಿದ್ದು ರಜೆ ಮತ್ತು ಹಣ. (ಇವತ್ತಿಗೂ ಆಶಾ ಕಾರ್ಯಕರ್ತೆಗೆ, ಬಿಸಿಯೂಟದ ತಾಯಿಗೆ ಸರ್ಕಾರ ಕೊಡುವುದಕ್ಕೆ "ಗೌರವಧನ" ಎಂದೇ ಹೆಸರು, ಸಂಬಳ ಎಂದಲ್ಲ.)

ಪಟಾಚಾರಾ ಥೇರಿಯನ್ನು ನೆನೆಯೋಣ. ಗಂಡ, ಇಬ್ಬರು ಮಕ್ಕಳು, ತಂದೆ-ತಾಯಿ ಎಲ್ಲರನ್ನೂ ಕಳೆದುಕೊಂಡು, ಮೈಮೇಲಿನ ಬಟ್ಟೆಯ ಪರಿವೆಯೂ ಇಲ್ಲದೆ ಆಕೆ ಜೇತವನಕ್ಕೆ ಬಂದಳು. ಜನ ಹುಚ್ಚಿ ಎಂದು ಅಟ್ಟಲು ಹೋದರು. ಭಗವಾನ್ ಬುದ್ಧರು ತಡೆಯಬೇಡಿ ಎಂದರು, ತಂಗಿ ಎಂದು ಕರೆದರು. ಒಬ್ಬ ತನ್ನ ಹೊದಿಕೆ ಕೊಟ್ಟ. ಮೊದಲು ಹೊದಿಕೆ, ಆಮೇಲೆ ಉಪದೇಶ. ಗಟ್ಟಿಯಾಗಿರು ಎಂದು ಯಾರೂ ಆಕೆಗೆ ಹೇಳಲಿಲ್ಲ. ಮುಂದೆ ಆಕೆಯೇ ವಿನಯದಲ್ಲಿ ಅಗ್ರಳಾದ ಭಿಕ್ಖುಣಿ.

ಸಿಗಾಲೋವಾದ ಸುತ್ತದಲ್ಲಿ ದುಡಿಯುವ ಆಳಿಗೆ ಸಲ್ಲಬೇಕಾದ್ದನ್ನು ಹೇಳಿದೆ: ಶಕ್ತಿಗೆ ತಕ್ಕ ಕೆಲಸ, ಊಟ-ಕೂಲಿ, ಕಾಯಿಲೆಯಲ್ಲಿ ಆರೈಕೆ, ಆಗಾಗ ಬಿಡುವು. ಇದರಲ್ಲಿ ನಮ್ಮ ಮನೆಯ ಗಟ್ಟಿಗಿತ್ತಿಗೆ ಯಾವುದು ಸಿಕ್ಕಿದೆ? ಇವತ್ತು ಆಕೆಯನ್ನೇ ಕೇಳಿ.

ಅಂದಹಾಗೆ, ಈ ಭಾನುವಾರ ವಂದನೆ ಮುಗಿದ ಮೇಲೆ ಚಹಾ ಮಾಡುವ, ಲೋಟ ತೊಳೆಯುವ ಪಾಳಿ ಗಂಡಸರದು.

ಭವತು ಸಬ್ಬ ಮಂಗಲಂ.