ಬೆಂಬಲ ನಿಂತ ಕಂಪ್ಯೂಟರಿನಲ್ಲಿ ಆಟ ಉಳಿಸಿಕೊಳ್ಳುವ ಬಗೆ

ಕಾರ್ಯಾಚರಣಾ ವ್ಯವಸ್ಥೆಗೆ, ಅಂದರೆ ಕಂಪ್ಯೂಟರಿನ ಯಂತ್ರಭಾಗಗಳನ್ನೂ ಅದರಲ್ಲಿನ ತಂತ್ರಾಂಶಗಳನ್ನೂ ಒಂದುಗೂಡಿಸಿ ನಡೆಸುವ ವಿಂಡೋಸ್‌ನಂತಹ ಮೂಲ ತಂತ್ರಾಂಶಕ್ಕೆ, ಬೆಂಬಲ ನಿಂತಿತೆಂದರೆ ಅದರಲ್ಲಿ ಮುಂದೆ ಪತ್ತೆಯಾಗುವ ಭದ್ರತಾ ದೋಷಗಳಿಗೆ ತಯಾರಕ ಸಂಸ್ಥೆ ತೇಪೆ ಹಾಕಿಕೊಡುವುದಿಲ್ಲ ಎಂದಷ್ಟೇ ಅರ್ಥ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಈ ಗಡುವು ಮುಗಿಯಿತಾದರೂ ಅವುಗಳಲ್ಲಿದ್ದ ಆಟಗಳು ಮರುದಿನವೂ ಎಂದಿನಂತೆ ತೆರೆದುಕೊಂಡವು. ಆಟಕ್ಕೆ ಅಡ್ಡಿ ಬರುವುದು ಸಾಮಾನ್ಯವಾಗಿ ಅದರ ಬಾಗಿಲಲ್ಲಿ ಕುಳಿತ ಕಾವಲುಗಾರನಿಂದ. ಆಟಗಳನ್ನು ಮಾರುವ, ಇಳಿಸಿಕೊಡುವ ಮತ್ತು ತೆರೆಯುವ ಸ್ಟೀಮ್ ತಂತ್ರಾಂಶವು 2024ರ ಜನವರಿ 1ರಿಂದ ವಿಂಡೋಸ್ 7, 8 ಮತ್ತು 8.1ರ ಬೆಂಬಲವನ್ನು ಕೈಬಿಟ್ಟದ್ದಕ್ಕೆ ಕಾರಣ, ಅದು ತನ್ನೊಳಗೆ ಅಳವಡಿಸಿಕೊಂಡಿರುವ ಕ್ರೋಮ್ ಬ್ರೌಸರ್ ಆ ಹಳೆಯ ವಿಂಡೋಸ್‌ಗಳಲ್ಲಿ ನಡೆಯದೆ ಹೋದದ್ದು. ಹದಿನೈದು ವರ್ಷ ಹಿಂದಿನ ಆಟವೂ ಅದೇ ಕಾಲದ ಯಂತ್ರವೂ ಒಂದಕ್ಕೊಂದು ಸರಿಹೊಂದಿಯೇ ಇರುವಾಗ, ನಡುವೆ ಕುಳಿತ ಅಂಗಡಿಯೊಂದು ಹೊಸ ಬ್ರೌಸರ್ ಬೇಕೆಂದು ಹಟ ಹಿಡಿಯುವುದು ವಿಚಿತ್ರವೇ ಸರಿ. ಆದ್ದರಿಂದ ಆಟವನ್ನು ಈ ಕಾವಲಿನಿಂದ ಆದಷ್ಟು ಬಿಡಿಸಿಕೊಳ್ಳುವುದೇ ಮುಂದೆ ವಿವರಿಸಿರುವ ಹಂತಗಳ ತಿರುಳು.

ಮೊದಲ ಹಂತದಲ್ಲಿ, ಯಂತ್ರದ ಯಾವ ಭಾಗಕ್ಕೂ ಕೈಹಾಕುವ ಮುನ್ನ, ಆಟದ ಪ್ರಗತಿಯನ್ನು ದಾಖಲಿಸಿಟ್ಟ ಕಡತಗಳನ್ನು ಪೆನ್‌ಡ್ರೈವಿಗೋ ಹೊರಗಿನ ಹಾರ್ಡ್‌ಡಿಸ್ಕಿಗೋ ನಕಲಿಸಿಕೊಳ್ಳಬೇಕು. ಈ ಕಡತಗಳು ಒಂದೇ ಕಡೆ ಇರುವುದಿಲ್ಲ ಎಂಬುದೇ ಇಲ್ಲಿನ ತೊಡಕು. ಜಿಟಿಎ ವೈಸ್ ಸಿಟಿಯ ಕಡತಗಳು ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೆ ಆ ಆಟದ ಹೆಸರಿನಲ್ಲೇ ಸಿಗುತ್ತವೆ. ಇನ್ನು ಕೆಲವು ಆಟಗಳು ಸಾಮಾನ್ಯವಾಗಿ ಕಣ್ಣಿಗೆ ಬೀಳದ ಆ್ಯಪ್‌ಡೇಟಾ ಫೋಲ್ಡರಿನಲ್ಲಿ ಇಡುತ್ತವೆ. ಎಕ್ಸ್‌ಪಿ ಕಾಲದ ಆಟವೊಂದು ತನ್ನದೇ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಬರೆಯಲು ಹೊರಟರೆ, ವಿಂಡೋಸ್ 7 ಸದ್ದಿಲ್ಲದೆ ಅದನ್ನು ಆ್ಯಪ್‌ಡೇಟಾದೊಳಗಿನ ವರ್ಚುವಲ್‌ಸ್ಟೋರ್ ಎಂಬ ಮೂಲೆಗೆ ತಿರುಗಿಸಿರುತ್ತದೆ. ಹುಡುಕಿದ ಕಡೆ ಕಡತ ಕಾಣದಿದ್ದರೆ ಈ ಮೂಲೆಯನ್ನೂ ನೋಡದೆ ಕೈಬಿಡಬಾರದು.

ಎರಡನೆಯದು ಆಟದ ಪ್ರತಿಯನ್ನೇ ಕಾಪಿಡುವ ಕೆಲಸ. ಜಿಒಜಿ ಎಂಬ ಮಳಿಗೆಯಲ್ಲಿ ಕೊಂಡ ಆಟಗಳಿಗೆ ಯಾವ ಕಾವಲು ತಂತ್ರಾಂಶವೂ ಬೇಡದ ಸ್ವತಂತ್ರ ಸ್ಥಾಪಕ ಕಡತ ದೊರೆಯುತ್ತದೆಯಾದ್ದರಿಂದ, ಅದನ್ನು ಬೇರೊಂದು ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಹಳೆಯ ಯಂತ್ರಕ್ಕೆ ಸಾಗಿಸಿದರೆ ಸಾಕು. ಸ್ಟೀಮ್‌ನ ವಿಷಯದಲ್ಲಿ ಎಚ್ಚರ ಬೇಕು: ಅದು ತಾನೇ ಮಾಡಿಕೊಡುವ ಬ್ಯಾಕಪ್ಪನ್ನು ಮರಳಿ ಬಿಚ್ಚುವುದಕ್ಕೂ ಸ್ಟೀಮೇ ಬೇಕಾಗುವುದರಿಂದ ಅದು ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಿದಂತೆ. ಅದರ ಬದಲು ಸ್ಟೀಮ್‌ಆ್ಯಪ್ಸ್ ಫೋಲ್ಡರಿನೊಳಗೆ ಕಾಮನ್ ಎಂಬಲ್ಲಿರುವ ಆಟದ ಫೋಲ್ಡರನ್ನು ಹಾಗೆಯೇ ನಕಲಿಸಿ, ಸ್ಟೀಮನ್ನು ಪೂರ್ತಿ ಮುಚ್ಚಿ, ಅದರಲ್ಲಿನ ಎಕ್ಸಿ ಕಡತವನ್ನು ನೇರವಾಗಿ ತೆರೆದು ನೋಡಬೇಕು. ನಕಲು ತಡೆಯುವ ಬೀಗ ಹಾಕದೆ ಮಾರಿದ ಎಷ್ಟೋ ಆಟಗಳು ಹೀಗೆ ತಾವಾಗಿಯೇ ನಡೆಯುತ್ತವೆ.

ಮೂರನೆಯ ಹಂತ ಯಂತ್ರಕ್ಕೆ ಸಂಬಂಧಿಸಿದ್ದು, ಅದರಲ್ಲೂ ಮದರ್‌ಬೋರ್ಡಿನ ಮೇಲೆ ಕುಳಿತಿರುವ ಸಿಆರ್2032 ಎಂಬ ನಾಣ್ಯದಾಕಾರದ ಬ್ಯಾಟರಿಗೆ ಸಂಬಂಧಿಸಿದ್ದು. ಇದು ಸತ್ತರೆ ವಿದ್ಯುತ್ ಕಡಿತಗೊಂಡಾಗಲೆಲ್ಲ ಗಡಿಯಾರ ಹಲವು ವರ್ಷ ಹಿಂದಕ್ಕೆ ಓಡುತ್ತದೆ. ಅಂತರ್ಜಾಲದ ಸುರಕ್ಷಿತ ಸಂಪರ್ಕಗಳು ದಿನಾಂಕವನ್ನು ನೋಡಿಯೇ ಪ್ರಮಾಣಪತ್ರವನ್ನು ಒಪ್ಪುವುದರಿಂದ, ಲಾಗಿನ್ ಆಗದೆ ಒದ್ದಾಡುವವರು ತಂತ್ರಾಂಶವನ್ನು ಮತ್ತೆ ಮತ್ತೆ ಸ್ಥಾಪಿಸುವ ಮೊದಲು ಪರದೆಯ ಬಲಮೂಲೆಯ ಗಡಿಯಾರವನ್ನೊಮ್ಮೆ ನೋಡುವುದು ಲೇಸು. ಗ್ರಾಫಿಕ್ಸ್ ಕಾರ್ಡಿನ ಡ್ರೈವರ್, ಅಂದರೆ ಕಾರ್ಡನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶದ ಕೊನೆಯ ಆವೃತ್ತಿಯನ್ನೂ ಈಗಲೇ ಇಳಿಸಿಟ್ಟುಕೊಳ್ಳಬೇಕು.

ಇಷ್ಟಾದ ಮೇಲೆ ನೆಟ್‌ವರ್ಕ್ ಕೇಬಲನ್ನು ಕೀಳುವುದು ನಾಲ್ಕನೆಯ ಹಂತ. ‘ಸಂಶಯದ ಕೊಂಡಿ ಒತ್ತದಿದ್ದರೆ ಸಾಕು’ ಎಂಬ ನಂಬಿಕೆ ಇಲ್ಲಿ ಸಾಲದು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ ವನ್ನಾಕ್ರೈ ಎಂಬ ಕುತಂತ್ರಾಂಶವು, ತೇಪೆ ಹಾಕದ ವಿಂಡೋಸ್ ಯಂತ್ರಗಳಿಗೆ ಬಳಕೆದಾರರು ಏನನ್ನೂ ಒತ್ತದಿದ್ದರೂ ನೆಟ್‌ವರ್ಕ್ ಮೂಲಕವೇ ನುಗ್ಗಿತ್ತು. ಆಟದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ, ಇಮೇಲ್ ಯಾವುದೂ ಇರಕೂಡದು. ಸ್ಟೀಮ್ ಆಟಗಳನ್ನೇ ಆಡುವುದಿದ್ದರೆ, ಕೇಬಲ್ ಕೀಳುವ ಮುನ್ನ ಒಮ್ಮೆ ಲಾಗಿನ್ ಆಗಿ, ಪ್ರತಿಯೊಂದು ಆಟವನ್ನೂ ಒಂದು ಸಲ ತೆರೆದು, ಆಮೇಲೆ ಆಫ್‌ಲೈನ್ ಮೋಡ್‌ಗೆ ಬದಲಿಸಿಕೊಳ್ಳಬೇಕು.

ಮುಂದಿನದು ಆಟದ ವಯಸ್ಸನ್ನು ಅವಲಂಬಿಸಿದೆ. ವಿಂಡೋಸ್‌ಗಿಂತ ಮೊದಲಿನ ಡಾಸ್ ವ್ಯವಸ್ಥೆಗೆ ಬರೆದ ಆಟಗಳು 64 ಬಿಟ್ ವಿಂಡೋಸ್‌ನಲ್ಲಿ ತೆರೆಯುವುದೇ ಇಲ್ಲ, ಏಕೆಂದರೆ 16 ಬಿಟ್ ತಂತ್ರಾಂಶಗಳನ್ನು ನಡೆಸುವ ಭಾಗವನ್ನು ಅದರಲ್ಲಿ ಇಟ್ಟೇ ಇಲ್ಲ. ಇವುಗಳಿಗೆ ಡಾಸ್‌ಬಾಕ್ಸ್ ಎಂಬ ಉಚಿತ ಅನುಕರಣ ತಂತ್ರಾಂಶ, ಎಂದರೆ ಹಳೆಯ ಕಂಪ್ಯೂಟರಿನಂತೆ ವರ್ತಿಸುವ ತಂತ್ರಾಂಶ, ಉತ್ತಮ ಮದ್ದು. ಪ್ರಿನ್ಸ್ ಆಫ್ ಪರ್ಷಿಯಾದಂತಹ ಆಟವನ್ನು ಸಿ ಡ್ರೈವಿನ ಒಂದು ಫೋಲ್ಡರಿನಲ್ಲಿಟ್ಟು, ಡಾಸ್‌ಬಾಕ್ಸ್ ತೆರೆದು, ಮೌಂಟ್ ಆದೇಶದಿಂದ ಆ ಫೋಲ್ಡರನ್ನೇ ಸಿ ಡ್ರೈವ್ ಎಂದು ಅದಕ್ಕೆ ನಂಬಿಸಿ, ಬಳಿಕ ಸಿ ಅಕ್ಷರದ ಮುಂದೆ ಕೋಲನ್ ಚಿಹ್ನೆ ಹಾಕಿ ಎಂಟರ್ ಒತ್ತಿ, ಆಟದ ಎಕ್ಸಿ ಕಡತದ ಹೆಸರನ್ನು ಟೈಪಿಸಿದರೆ ಆಟ ಶುರುವಾಗುತ್ತದೆ. ಪ್ರೊಸೆಸರಿನ ವೇಗಕ್ಕೆ ಅಂಟಿಕೊಂಡು ಬರೆದ ಕೆಲವು ಆಟಗಳು ಕಣ್ಣಿಗೆ ಸಿಗದಷ್ಟು ಜೋರಾಗಿ ಓಡಿದಾಗ ಕಂಟ್ರೋಲ್ ಮತ್ತು ಎಫ್11 ಒತ್ತಿದರೆ ವೇಗ ತಗ್ಗುತ್ತದೆ, ಎಫ್12ರಿಂದ ಹೆಚ್ಚುತ್ತದೆ. ಮೌಸ್ ಕಿಟಕಿಯೊಳಗೆ ಸಿಕ್ಕಿಕೊಂಡರೆ ಕಂಟ್ರೋಲ್ ಮತ್ತು ಎಫ್10 ಬಿಡಿಸುತ್ತದೆ.

2000ರ ಆಸುಪಾಸಿನ ಸಿಡಿ ಆಟಗಳ ಕಷ್ಟ ಬೇರೆ. ಅಸಲಿ ಸಿಡಿ ಒಳಗಿದೆಯೇ ಎಂದು ಪರೀಕ್ಷಿಸುತ್ತಿದ್ದ ಸೇಫ್‌ಡಿಸ್ಕ್ ಎಂಬ ಬೀಗದ ಡ್ರೈವರ್ ವಿಂಡೋಸ್‌ನ ಒಳಮನೆಯಲ್ಲೇ ಕುಳಿತು ಕೆಲಸ ಮಾಡುತ್ತಿದ್ದುದರಿಂದ ಭದ್ರತೆಗೆ ಅಪಾಯವೆನಿಸಿ, ಮೈಕ್ರೋಸಾಫ್ಟ್ 2015ರಲ್ಲಿ ವಿಂಡೋಸ್ 7ರಲ್ಲಿ ಅದನ್ನು ನಿಷ್ಕ್ರಿಯಗೊಳಿಸಿತು. ವಿಂಡೋಸ್ 10ರಲ್ಲಂತೂ ಅದು ಇಲ್ಲವೇ ಇಲ್ಲ. ಹೀಗೆ ದುಡ್ಡು ಕೊಟ್ಟು ಸಿಡಿ ಕೊಂಡವರೇ ಹೊರಗುಳಿಯುವಂತಾದದ್ದು ಅನ್ಯಾಯವೇ ಆದರೂ, ಗುರುತುಪರಿಚಯವಿಲ್ಲದ ತಾಣಗಳಿಂದ ಬೀಗ ಮುರಿದ ಕಡತ ತಂದು ಹಾಕುವುದು ಕಾನೂನಿನ ದೃಷ್ಟಿಯಿಂದಲೂ ವೈರಸ್ಸಿನ ದೃಷ್ಟಿಯಿಂದಲೂ ಸಲ್ಲದು; ಅದೇ ಆಟದ ಬೀಗರಹಿತ ಮರುಬಿಡುಗಡೆ ಇದ್ದರೆ ಕೊಳ್ಳುವುದು, ಇಲ್ಲವೇ ನೆಟ್‌ವರ್ಕ್ ಇಲ್ಲದ ಎಕ್ಸ್‌ಪಿ ಯಂತ್ರವೊಂದನ್ನು ಉಳಿಸಿಕೊಳ್ಳುವುದು ನೇರ ದಾರಿ. ಚಿತ್ರ ಕೆಟ್ಟು ಕಾಣುವ ಆ ಕಾಲದ ಆಟಗಳಿಗೆ ಡಿಜಿವೂಡೂ ಎಂಬ ಅನುವಾದಕ ತಂತ್ರಾಂಶವಿದ್ದು, ಹಳೆಯ ಡೈರೆಕ್ಟ್‌ಎಕ್ಸ್ ಹಾಗೂ ಗ್ಲೈಡ್ ಚಿತ್ರವ್ಯವಸ್ಥೆಗಳ ಆದೇಶಗಳನ್ನು ಅದು ಈಗಿನ ಕಾರ್ಡಿಗೆ ತಿಳಿಯುವಂತೆ ಮಾರ್ಪಡಿಸುತ್ತದೆ.

ಅಂತರ್ಜಾಲವೂ ಬೇಕು, ಆಟವೂ ಬೇಕು, ಆದರೆ ಟಿಪಿಎಂ 2.0 ಭದ್ರತಾ ಚಿಪ್ ಇಲ್ಲದ ಯಂತ್ರವನ್ನು ವಿಂಡೋಸ್ 11 ಒಪ್ಪುತ್ತಿಲ್ಲ ಎನ್ನುವವರಿಗೆ ಲಿನಕ್ಸ್ ಉಳಿದಿದೆ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಪೆನ್‌ಡ್ರೈವಿಗೆ ಬರೆದು, ಹಾರ್ಡ್‌ಡಿಸ್ಕನ್ನು ಮುಟ್ಟದೆ ಅದರಿಂದಲೇ ಯಂತ್ರವನ್ನು ಚಾಲೂ ಮಾಡಿ, ವೈಫೈ, ಧ್ವನಿ, ಪರದೆ ಸರಿಯಿವೆಯೇ ಎಂದು ನೋಡಿದ ಮೇಲಷ್ಟೇ ಸ್ಥಾಪಿಸಬೇಕು. ವಿಂಡೋಸ್‌ಗೆಂದು ಬರೆದ ಆದೇಶಗಳನ್ನು ಲಿನಕ್ಸ್‌ಗೆ ತಿಳಿಯುವಂತೆ ತಿರುಗಿಸುವ ವೈನ್ ಯೋಜನೆ 1993ರಿಂದಲೂ ಬೆಳೆದುಬಂದಿದ್ದು, ಅದನ್ನೇ ಆಧರಿಸಿ ಸ್ಟೀಮ್‌ನ ಒಡೆಯ ಸಂಸ್ಥೆ ವಾಲ್ವ್ 2018ರಲ್ಲಿ ಪ್ರೋಟಾನ್ ಎಂಬ ತಂತ್ರಾಂಶವನ್ನು ಹೊರತಂದಿತು. ಇದರಲ್ಲೊಂದು ಮುಳ್ಳಿದೆ: ಪ್ರೋಟಾನ್ ಬಹುತೇಕ ವಲ್ಕನ್ ಎಂಬ ಹೊಸ ಚಿತ್ರವ್ಯವಸ್ಥೆಯನ್ನು ನೆಚ್ಚಿಕೊಂಡಿದೆ, ಹಳೆಯ ಗ್ರಾಫಿಕ್ಸ್ ಚಿಪ್ಪುಗಳಿಗೆ ಅದು ಬರುವುದಿಲ್ಲ. ಆಗ ಆಟದ ಪ್ರಾಪರ್ಟೀಸ್‌ನಲ್ಲಿರುವ ಲಾಂಚ್ ಆಪ್ಷನ್ಸ್ ಜಾಗದಲ್ಲಿ ವೈನ್‌ನದೇ ಭಾಗವಾದ ವೈನ್‌ಡಿ3ಡಿ ಬಳಸುವಂತೆ ಸೂಚಿಸಿದರೆ ಅದು ಓಪನ್‌ಜಿಎಲ್ ಎಂಬ ಹಳೆಯ ದಾರಿ ಹಿಡಿಯುತ್ತದೆ. ವೇಗ ತುಸು ಕುಂದಬಹುದು. ವ್ಯಾಲೊರಂಟ್‌ನಂತೆ, ಮೋಸ ತಡೆಯುವ ತಂತ್ರಾಂಶವನ್ನು ವಿಂಡೋಸ್‌ನ ಒಳಮನೆಗೇ ಇಳಿಸುವ ಆಟಗಳನ್ನು ಇಲ್ಲಿ ಮರೆತುಬಿಡಬೇಕು.

ಜೊತೆಗೂಡಿ ಆಡುವವರಿಗೆ ಒಂದು ಮಾತು. ಹಳೆಯ ಅನೇಕ ಆಟಗಳಿಗೆ ಎದುರಾಳಿಗಳನ್ನು ಜೋಡಿಸಿಕೊಡುತ್ತಿದ್ದ ಗೇಮ್‌ಸ್ಪೈ ಸೇವೆ 2014ರಲ್ಲಿ ಮುಚ್ಚಿತು, ಆದರೆ ಆಟದೊಳಗಿನ ಲ್ಯಾನ್, ಅಂದರೆ ಸ್ಥಳೀಯ ಜಾಲದ, ಆಯ್ಕೆಗೆ ಅದರ ಹಂಗಿಲ್ಲ. ಸಣ್ಣದೊಂದು ಸ್ವಿಚ್ಚಿಗೆ ಎರಡು ಯಂತ್ರಗಳ ಕೇಬಲ್ ಸಿಕ್ಕಿಸಿ, ಅದಕ್ಕೆ ಅಂತರ್ಜಾಲದ ತಂತಿ ಕೊಡದೆ ಬಿಟ್ಟರೆ ಏಜ್ ಆಫ್ ಎಂಪೈರ್ಸ್ 2 ಇಬ್ಬರಿಗೂ ತೆರೆದುಕೊಳ್ಳುತ್ತದೆ. ಒಂದು ಯಂತ್ರ ವಿಂಡೋಸ್ 10 ಆಗಿದ್ದರೆ ಕಂಟ್ರೋಲ್ ಪ್ಯಾನೆಲಿನ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಲೆಗಸಿ ಕಾಂಪೊನೆಂಟ್ಸ್ ಅಡಿ, ಹಳೆಯ ಆಟಗಳು ಜಾಲದಲ್ಲಿ ಜೊತೆಗೂಡಲು ಬಳಸುವ ಡೈರೆಕ್ಟ್‌ಪ್ಲೇ ಎದುರು ಗುರುತು ಹಾಕುವುದನ್ನು, ಅಂತರ್ಜಾಲದ ಕೇಬಲ್ ಕೀಳುವ ಮೊದಲೇ ಮುಗಿಸಿರಬೇಕು.